ಕೈ ಕೊಟ್ಟವರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ವಟಾಣಿ,

ಕಾರ್ಖಾನೆಯಲ್ಲಿ ನಮ್ಮಿಬ್ಬರನ್ನು ಏಣಿ-ವಟಾಣಿ ಅಂತ ಆಡಿಕೊಳ್ಳುತ್ತಿದ್ದವರು ಈಗ ದಾರಿಯಲ್ಲಿ ಸಿಕ್ಕರೆ ನನ್ನ ತೋಳು ನೋಡಿ ಮಾತು ಮರೆಯುತ್ತಾರೆ. ನೀನು ಅಣ್ಣನ ಮನೆ ಸೇರಿದ ಮೇಲೆ ಇದೇ ನನ್ನ ಮೊದಲ ಪತ್ರ. ಎಡಗೈ ಬರಹ, ಸೊಟ್ಟಪಟ್ಟ ಅಕ್ಷರ, ತಾಳ್ಮೆಯಿಂದ ಓದು. ಜಗಳಕ್ಕೆ ಬರೆಯುತ್ತಿಲ್ಲ. ನಿನ್ನಿಂದಲೇ ಆಗಬೇಕಾದ ಒಂದು ಕೆಲಸವಿದೆ.

ಹೋದ ವಾರ ಸೇವಾ ಕ್ಲಬ್ಬಿನವರು ಕೃತಕ ಕೈ ಜೋಡಿಸುವ ಶಿಬಿರ ಇಟ್ಟಿದ್ದರು. ಈ ವರ್ಷ ಕ್ಲಬ್ಬಿನ ಅಧ್ಯಕ್ಷರು ನಮ್ಮ ಕಾರ್ಖಾನೆಯ ಮಾಲೀಕರೇ. ಕಣ್ಣಿನ ತಪಾಸಣೆ, ಶಾಲೆ ಮಕ್ಕಳಿಗೆ ಬ್ಯಾಗು, ಗಿಡ ನೆಟ್ಟದ್ದು, ಎಲ್ಲದರ ಫೋಟೋ ಸಭಾಂಗಣದ ಗೋಡೆಗೆ ಅಂಟಿಸಿದ್ದರು. ಎಲ್ಲದರಲ್ಲೂ ಅವರದೇ ನಗುಮುಖ. ಹೋಗಬಾರದು ಅಂದುಕೊಂಡಿದ್ದೆ. ಆದರೆ ಒಂದೇ ಕೈಯಲ್ಲಿ ಬಟ್ಟೆ ಹಿಂಡುವುದು ಹೇಗೆ ಹೇಳು? ಒಂದು ತುದಿಯನ್ನು ನಲ್ಲಿಗೆ ಸುತ್ತಿ ಹಿಂಡುತ್ತೇನೆ. ಅತ್ತೆ ನೋಡುತ್ತಾರೆ, ಏನೂ ಅನ್ನುವುದಿಲ್ಲ. ಅಂದಿದ್ದರೇ ವಾಸಿಯಿತ್ತು. ಹೋದೆ.

ಅಲ್ಲಿ ನನ್ನ ಕೈಗೆ ಪಟ್ಟಿ ಬಿಗಿಯಲು ಬಂದ ಹುಡುಗಿ ಯಾರೆಂದುಕೊಂಡೆ? ನಿನ್ನ ಮಗಳು. ಕ್ಲಬ್ಬಿನವರ ಯುವಜನರ ತರಬೇತಿಗೆ ಸೇರಿ ಅವರದೇ ಹಾಸ್ಟೆಲ್ಲಿನಲ್ಲಿ ಇರುವುದು ನಿನಗೆ ಗೊತ್ತಿರುವುದೇ. ಶಿಬಿರದಲ್ಲಿ ಕೈಯಾಸರೆಗೆ ಆ ಮಕ್ಕಳನ್ನೇ ಹಾಕಿದ್ದರು. ನನ್ನ ಮೊಂಡು ಮಣಿಕಟ್ಟು ಮುಟ್ಟಲು ನಮ್ಮವರೂ ಹಿಂಜರಿಯುತ್ತಾರೆ. ಅವಳು ಮಗುವಿನ ಕಾಲಿಗೆ ಕಾಲುಚೀಲ ಹಾಕುವ ಹಾಗೆ ಮೆಲ್ಲಗೆ ಹತ್ತಿಯ ಚೀಲ ಏರಿಸಿದಳು.

ವೇದಿಕೆಯ ಮೇಲೆ ಮಾಲೀಕರು ನನ್ನ ಹೊಸ ಕೈ ಕುಲುಕಿದರು. ಫೋಟೋ ಸರಿಯಾಗಿ ಬರಲಿಲ್ಲವೆಂದಾಗ ಇನ್ನೊಮ್ಮೆ ಕುಲುಕಿದರು. ಅವರಿಗೆ ನನ್ನ ಗುರುತೇ ಹತ್ತಲಿಲ್ಲ. ಬೈದಾರು, ಮುಖ ತಿರುಗಿಸಿಯಾರು ಅಂತೆಲ್ಲ ಎಣಿಸಿದ್ದೆ, ಇದನ್ನು ಎಣಿಸಿರಲಿಲ್ಲ. ಮನೆಗೆ ಬಂದು, ಅಧ್ಯಕ್ಷರು ಕೈ ಕೊಟ್ಟರು ಅಂದೆ. ಇದು ಎರಡನೇ ಸಲ ಅಂದರು ನಮ್ಮವರು. ಇಬ್ಬರೂ ನಕ್ಕೆವು. ಆಮೇಲೆ ಅವರು ಎದ್ದು ಹೊರಗೆ ಹೋದರು.

ನಿನಗೆ ಗೊತ್ತಿಲ್ಲದ ಸಂಗತಿ ಇದು. ಸಭೆ ಮುಗಿದ ಮೇಲೆ ನಿನ್ನ ಮಗಳು ನನಗೆ ಟೀ ತಂದು ಪಕ್ಕದಲ್ಲಿ ಕೂತಳು. ಮುಂದಿನ ತಿಂಗಳಿನಿಂದ ತರಬೇತಿಯವರನ್ನು ಮಾಲೀಕರ ಕಾರ್ಖಾನೆಗೇ ಕೆಲಸ ಕಲಿಯಲು ಕಳಿಸುತ್ತಾರಂತೆ. ಪ್ಯಾಕಿಂಗಿಗಾ ಅಂತ ಕೇಳಿದೆ.

"ಇಲ್ಲ ದೊಡ್ಡಮ್ಮ, ಡಬ್ಬದ ಮುಚ್ಚಳ ಒತ್ತೋ ಪ್ರೆಸ್‌ಗೆ. ನನ್ನ ಕೈ ಚುರುಕು ಅಂತ ಸೂಪರ್‌ವೈಸರೇ ಆರಿಸಿದ್ರು."

ನನ್ನ ಕೈ ತಿಂದ ಪ್ರೆಸ್ಸೇ ಅದು. ಗೇಟಿನ ಕಾವಲುಗಾರನನ್ನು ವಿಚಾರಿಸಿದೆ. ಕೈ ಒಳಗೆ ಹೋಗದಂತೆ ತಡೆಯುವ ಜಾಲರಿಯನ್ನು ಇವತ್ತಿಗೂ ಹಾಕಿಲ್ಲವಂತೆ. ಕೆಲಸ ಬೇಗ ಸಾಗಲೆಂದು ಸೂಪರ್‌ವೈಸರ್ ಅದನ್ನು ಬಿಚ್ಚಿಸಿದಾಗ ನೀನು ನನ್ನ ಪಕ್ಕದಲ್ಲೇ ಇದ್ದೆ. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಮಾತ್ರ ನೀನು, ಏಣಿಯೇ ಜಾಲರಿ ಬಿಚ್ಚಿಕೊಂಡಳು ಅಂದೆ. ಬಾಯಿಬಿಟ್ಟರೆ ಮಗಳ ಓದಿಗೆ ಕಲ್ಲು ಹಾಕುತ್ತೇವೆಂದು ಕಾರ್ಖಾನೆಯವರು ನಿನ್ನನ್ನು ಹೆದರಿಸಿದ್ದು ನನಗೆ ಆಮೇಲೆ ತಿಳಿಯಿತು. ಅಷ್ಟು ಮಾಡಿಸಿಕೊಂಡೂ ನಿನ್ನನ್ನು ಕೆಲಸದಲ್ಲಿ ಉಳಿಸಿಕೊಳ್ಳಲಿಲ್ಲ. ನನಗೆ ಕೋಪ ಬರಲಿಲ್ಲ ಅಂದರೆ ಸುಳ್ಳಾದೀತು.

ಜಾಲರಿ ಇಲ್ಲದೆ ಆ ಪ್ರೆಸ್ ಮುಂದೆ ಕೂರಬೇಡವೆಂದು ಅವಳಿಗೆ ಹೇಳಿದೆ. ಧೈರ್ಯದ ಹುಡುಗಿ, ಮರುದಿನವೇ ಸೂಪರ್‌ವೈಸರನ್ನು ಕೇಳಿದಳು. ಹೆದರುಪುಕ್ಕಲರು ಸರ್ಟಿಫಿಕೇಟಿನ ಆಸೆ ಬಿಟ್ಟು ಮನೆಗೆ ಹೋಗಬಹುದು ಅಂದನಂತೆ. ನನ್ನ ಹತ್ತಿರ ಬಂದು, ಹುಷಾರಾಗಿರುತ್ತೇನೆ ದೊಡ್ಡಮ್ಮ, ನೀವು ಯೋಚನೆ ಮಾಡಬೇಡಿ ಅಂದಳು. ನಾನೂ ಹುಷಾರಾಗಿಯೇ ಇದ್ದೆ, ವಟಾಣಿ.

ಅಧಿಕಾರಿಯ ಕಚೇರಿಗೂ ಹೋಗಿ ಬಂದೆ. ಜಾಲರಿ ಬಿಚ್ಚಿದವಳೇ ಈಗ ದೂರು ಕೊಡುತ್ತೀಯಲ್ಲ ಅಂತ ಗುಮಾಸ್ತ ನಕ್ಕ. ನನ್ನ ಮಾತಿಗೆ ಅಲ್ಲಿ ಬೆಲೆಯಿಲ್ಲ. ನೀನು ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಮತ್ತೆ ವಿಚಾರಣೆ ನಡೆದೀತು. ಅಷ್ಟು ಧೈರ್ಯ ಬಾರದಿದ್ದರೆ ಮಗಳನ್ನಾದರೂ ಕರೆದುಕೊಂಡು ಹೋಗು. ಅವಳ ಜಾಗಕ್ಕೆ ಇನ್ಯಾರದೋ ಮಗಳನ್ನು ತಂದು ಕೂರಿಸುತ್ತಾರೆ, ಅದೂ ಗೊತ್ತು. ಆದರೂ ಇದನ್ನು ಬರೆಯದೆ ಇರಲಾಗಲಿಲ್ಲ.

ಉಳಿದುಕೊಳ್ಳಲು ನಮ್ಮ ಮನೆಯಿದೆ. ನಮ್ಮವರು ಏನೂ ಅನ್ನುವುದಿಲ್ಲ, ಹೇಳಿಟ್ಟಿದ್ದೇನೆ.

ನಿನ್ನ
ಏಣಿ

ತಾ.ಕ.: ಇದನ್ನು ಬರೆಯುವುದೋ ಬೇಡವೋ ಅಂತ ಲಕೋಟೆ ಅಂಟಿಸದೆ ಇಟ್ಟಿದ್ದೆ. ಅವತ್ತು ಟೀ ಕುಡಿಯುತ್ತಾ ನಿನ್ನ ಮಗಳು ಕೇಳಿದಳು: "ಅಮ್ಮ ನಿಮ್ಮ ಪರವಾಗಿ ನಿಜ ಹೇಳಿದ್ದಕ್ಕೇ ಅಲ್ವಾ ದೊಡ್ಡಮ್ಮ, ಅವಳನ್ನ ಕೆಲಸದಿಂದ ತೆಗೆದಿದ್ದು?" ಹೌದು ಅಂದುಬಿಟ್ಟೆ. ನೀನು ಬಂದು ಹೇಳಿದರೆ ಅದು ಸುಳ್ಳೆಂದು ಅವಳಿಗೆ ತಿಳಿಯುತ್ತದೆ. ತಿಳಿಯಲಿ. ಬಾ.