ಇಟ್ಟಿಗೆಯ ಇನ್ನೊಂದು ಮಗ್ಗುಲು

ದುಬ್ರೋವ್ಕಾ, ಅಕ್ಟೋಬರ್ 9

ಮಾನ್ಯ ಕ್ಸೇನಿಯಾ ರೊಸ್ತಿಸ್ಲಾವೊವ್ನಾ ಅವರಿಗೆ ಗ್ಲಾಫೀರಾ ತೀಖೊನೊವ್ನಾಳ ನಮಸ್ಕಾರಗಳು.

ನಿಮ್ಮ ಪೂರ್ವಜರ ಬಂಗಲೆಯ ಇಟ್ಟಿಗೆಗಳೆಲ್ಲ ಏನಾದವು, ಸಿಕ್ಕಿದರೆ ಹಿಂದಿರುಗಿಸಿ ಎಂದು ಪ್ಯಾರಿಸ್‌ನಿಂದ ಬರೆದಿದ್ದೀರಿ. ಕಾಗದವನ್ನು ಪಕ್ಕದ ಮನೆಯ ಫ್ಯೋಕ್ಲಾಗೆ ಓದಿ ಹೇಳಿದೆ. "ಕದ್ದೋರ್ಯಾರು ಅಂತ ಕೇಳ್ತಿದಾಳೇನೆ? ಬಂದು ನಮ್ಮನೆ ಒಲೆ ಮುಟ್ಟಿ ನೋಡ್ಲಿ, ಗೊತ್ತಾಗತ್ತೆ" ಅಂದಳು. ಅವಳ ಬಾಯೇ ಹಾಗೆ.

ಇಟ್ಟಿಗೆಗಳು ಎಲ್ಲಿಗೂ ಹೋಗಿಲ್ಲ. ಕ್ರಾಂತಿಯಾದ ಮೇಲೆ ಬಂಗಲೆ ಕೆಡವಿ ಊರಿನ ನಲವತ್ತು ಮನೆಗೂ ಒಲೆ ಕಟ್ಟಿದರು. ಪ್ರತಿ ಇಟ್ಟಿಗೆಯ ಒಂದು ಮಗ್ಗುಲಲ್ಲಿ ನಿಮ್ಮ ಮನೆತನದ ಮುದ್ರೆಯಿದೆ. ಇನ್ನೊಂದರಲ್ಲಿ, ಹಸಿ ಮಣ್ಣಿಗೆ ಒತ್ತಿದ ಬೆರಳ ಗುರುತು. ಜೀತದ ಕಾಲದಲ್ಲಿ ಇಟ್ಟಿಗೆ ಕೊಯ್ದ ನಮ್ಮ ಹೆಂಗಸರು ಮನೆಗೊಂದು ಗುರುತು ಇಟ್ಟುಕೊಂಡಿದ್ದರು. ನಮ್ಮ ಮನೆಯದು ಎರಡು ಬೆರಳು. ಒಲೆ ಕಟ್ಟಿಸುವಾಗ ನನ್ನಜ್ಜಿ ಮುದ್ರೆಯನ್ನು ಒಳಕ್ಕೂ ಬೆರಳನ್ನು ಹೊರಕ್ಕೂ ಇಡಿಸಿದಳು. ನಮ್ಮೂರಲ್ಲಿ ಇಂದಿಗೂ ಒಲೆ ಕಟ್ಟುವುದು ಹಾಗೆಯೇ. ಎಷ್ಟು ಸಲ ಸುಣ್ಣ ಬಳಿದರೂ ಆ ಗುರುತು ಮುಚ್ಚಿಲ್ಲ.

ಆದ್ದರಿಂದ ಒಂದು ಇಟ್ಟಿಗೆಯನ್ನೂ ಕೊಡಲಾರೆವು. ನೀವೇ ಬನ್ನಿ, ಚಳಿಗಾಲದಲ್ಲೇ ಬನ್ನಿ. ನಮ್ಮ ಒಲೆಯ ಮೇಲ್ಭಾಗ ಮಂಚದಷ್ಟು ಅಗಲ, ರಾತ್ರಿಯಿಡೀ ಬೆಚ್ಚಗಿರುತ್ತದೆ; ಅತಿಥಿಗೆ ಅದರ ಮೇಲೇ ಹಾಸಿಗೆ. ಬಂಗಲೆಯಲ್ಲಿ ಕೆಲಸಕ್ಕಿದ್ದ ಅಜ್ಜಿ ಹೇಳುತ್ತಿದ್ದಳು: "ಅಷ್ಟ್ ದೊಡ್ ಮನೆ ಕಣೆ, ಅಮ್ಮಾವ್ರು ಮಾತ್ರ ಚಳಿಗೆ ಕೋಟ್ ಹಾಕ್ಕೊಂಡೇ ಊಟಕ್ಕೆ ಕೂರೋರು." ಆ ಇಟ್ಟಿಗೆಗಳ ನಡುವೆ ಬೆಚ್ಚಗೆ ಮಲಗಿದವರಲ್ಲಿ ನಿಮ್ಮ ವಂಶಕ್ಕೆ ನೀವೇ ಮೊದಲಿಗರಾಗುತ್ತೀರಿ.

ಕಂಬಳಿ ತರಬೇಡಿ.

ಇಂತಿ,
ಎರಡು ಬೆರಳಿನ ಮನೆಯ
ಗ್ಲಾಫೀರಾ