ಬೀಬಿ ಹೊಂಡದ ಒಡ್ಡು

ಹಳೇ ಹುಬ್ಬಳ್ಳಿ
ತಾ. ೨೯ ಮೇ ೧೯೩೮, ರವಿವಾರ

ಹಾವನೂರಿನಲ್ಲಿ ತವರುಮನೆಯಲ್ಲಿರುವ ಖಾತುನಬಿಗೆ ಗಂಡ ಉಸ್ಮಾನಸಾಬನ ಸಲಾಮ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಸುಣ್ಣದ ಭಟ್ಟಿಯಲ್ಲಿ ಕೆಲಸವಿತ್ತು ಎಂದು ಬರೆಯಬಹುದು, ಆದರೆ ಭಟ್ಟಿಯಲ್ಲಿ ಕೆಲಸ ಯಾವತ್ತು ಇರಲಿಲ್ಲ? ಖರೇ ಕಾರಣ ಮುಂದೆ ಹೇಳುತ್ತೇನೆ. ಕೆಟ್ಟ ಸುದ್ದಿಯನ್ನು ಗೋಣಿಯ ತಳದಲ್ಲಿಟ್ಟು ಮೇಲೆ ಒಳ್ಳೆಯ ಮಾಲು ಹರವುವವನು ನಾನು. ನಿನಗೆ ಹೊಸದಾಗಿ ಹೇಳಬೇಕೇ?

ಎಂದಿನಂತೆ ಇದನ್ನು ನಿನ್ನ ತಮ್ಮ ಮಕ್ತುಮಸಾಬನ ಮಗಳು ಶಮೀಮ ಓದಿ ಹೇಳುತ್ತಿರಬೇಕು. ಶಮೀಮ, ಸಾವಕಾಶ ಓದವ್ವಾ, ನಡುವೆ ನುಂಗಬೇಡ.

ಇಲ್ಲಿ ಎಲ್ಲ ಛಲೋ ಇದೆ. ಹಿತ್ತಲಿನ ಲಿಂಬೆಗಿಡ ಕಾಯಿ ಬಿಟ್ಟಿದೆ. ಉಪ್ಪಿನಕಾಯಿ ಹಾಕುವವರಿಲ್ಲದೆ ಓಣಿಯವರೆಲ್ಲ ಹರಿದುಕೊಂಡು ಹೋಗಿ ನನಗೆ ದುವಾ ಮಾಡುತ್ತಿದ್ದಾರೆ. ಅಡಿಗೆ ನಾನೇ ಮಾಡಿಕೊಳ್ಳುತ್ತೇನೆ. ರೊಟ್ಟಿ ದುಂಡಗೆ ಬರುವುದಿಲ್ಲ, ಹೊಟ್ಟೆಯೊಳಗೆ ಹೋದಮೇಲೆ ಅದರ ಆಕಾರ ಕೇಳುವವರು ಯಾರು?

ನಿನ್ನ ಅಮ್ಮನ ನಲವತ್ತನೆಯ ದಿನದ ಚಾಲೀಸವಾ ಮುಗಿದ ಮೇಲೆ ಬರುತ್ತೀ ಎಂದುಕೊಂಡಿದ್ದೆ. ಆಮೇಲೆ ತಮ್ಮನ ಹೆಂಡತಿಯ ಬಾಣಂತನ ಎಂದು ಬರೆಸಿದಿ. ಅದೂ ಮುಗಿಯಿತು. ಹೋದ ಕಾಗದದಲ್ಲಿ 'ಈ ವರ್ಷ ಹೊಳಿಯೊಳಗ ಮಡು ಇನ್ನೂ ಬತ್ತಿಲ್ಲ, ನೀರು ತಿಳಿ ಐತಿ' ಎಂದಷ್ಟೇ ಬರೆಸಿದ್ದಿ. ಆ ಮಾತನ್ನು ಹಲವು ಸಲ ಓದಿದೆ. ಬರುವುದರ ಸುದ್ದಿ ಅದರಲ್ಲಿ ಎಲ್ಲಿಯೂ ಸಿಗಲಿಲ್ಲ.

ಇರಲಿ, ಹೊಂಡದ ಮಾತಿಗೆ ಬರುತ್ತೇನೆ.

ನೀನು ಮದುವೆಯಾಗಿ ಹುಬ್ಬಳ್ಳಿಗೆ ಬಂದ ಹೊಸತರಲ್ಲಿ ಮನೆ ಮುಂದೆ ಕೊಡದ ಪಾಳಿ ನೋಡಿ ಕೇಳಿದ್ದಿ: "ಇಲ್ಲಿ ಮಂದಿ ಮೈ ಮುಳುಗಿಸಿ ಈಸೂದು ಎಲ್ಲಿರೀ?" ನಾನು ಆಗ ಕತ್ತೆಯ ಮೇಲೆ ಸುಣ್ಣ ಹೇರಿಕೊಂಡು ತಿರುಗುವವನು. "ಇಲ್ಲಿ ಮಂದಿ ಹಣಿ ಒರೆಸಿಕೊಂಡ್ರ ಜಳಕ ಆದಂಗ" ಅಂದಿದ್ದೆ. ನೀನು ನಗಲಿಲ್ಲ. ಹೊಳೆಯ ದಂಡೆಯಲ್ಲಿ ಮೀನಿನಂತೆ ಬೆಳೆದವಳು. ಆ ನಗದ ಮುಖ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಭಟ್ಟಿ ಕೈಹಿಡಿದ ಮೇಲೆ ಮುಗದದ ಹತ್ತಿರ ಆ ತಗ್ಗಿನ ಹೊಲ ಕೊಂಡು, ಹಳ್ಳಕ್ಕೆ ಅಡ್ಡ ಮಣ್ಣಿನ ಒಡ್ಡು ಹಾಕಿಸಿದ್ದು ಅದಕ್ಕೇ. ಮಂದಿ ಬೀಬಿ ಹೊಂಡ ಅಂತ ಹೆಸರಿಟ್ಟಿದ್ದು ಆಮೇಲೆ.

ಮೊದಲನೆಯ ಶುಕ್ರವಾರ ಪರದೆ ಕಟ್ಟಿದ ಗಾಡಿಯಲ್ಲಿ ಓಣಿಯ ಹೆಂಗಸರೊಂದಿಗೆ ಬಂದಿದ್ದಿ. ಇಳಿದು ಸುತ್ತ ನೋಡಿ, "ಧಾರವಾಡದ ದಾರಿಗೆ ಎಲ್ಲಾ ಕಾಣತೈತಿ" ಅಂದು ಮತ್ತೆ ಗಾಡಿ ಹತ್ತಿದಿ. ಮುಂದಿನ ಶುಕ್ರವಾರದೊಳಗೆ ಒಡ್ಡಿನ ಮೇಲೆ ಇನ್ನೊಂದು ಒಡ್ಡು ಎದ್ದಿತು. ಎತ್ತರವಾದ ಮೇಲೆ ನೀರೂ ಎತ್ತರ ನಿಲ್ಲಲಿ ಎಂದು, ಹೆಚ್ಚಿನ ನೀರು ಹೊರಹೋಗುವ ಕೋಡಿಗೆ ಕಲ್ಲು ಹೊಂದಿಸಿ ಮುಚ್ಚಿಸಿದೆ. ನೀನು ಕುತ್ತಿಗೆಮಟ ನೀರಿನಲ್ಲಿ ಈಸಿದಿ. ಹೆಂಗಸರೆಲ್ಲ ಇರುವಲ್ಲಿ ಗಂಡಸಿಗೆ ಏನು ಕೆಲಸ? ನಾನು ಒಡ್ಡಿನ ಹೊರಮಗ್ಗುಲಲ್ಲಿ ಬೆನ್ನು ಕೊಟ್ಟು ಕಾವಲು ಕೂತಿರುತ್ತಿದ್ದೆ. ನೀನು ಈಸುವುದನ್ನು ನಾನು ಕಣ್ಣಿಂದ ಕಂಡಿಲ್ಲ ಖಾತುನಬಿ, ಕೇಳಿದ್ದೇನೆ. ಎಲ್ಲರೂ ನೀರು ಬಡಿಯುತ್ತಿದ್ದರು, ನಿನ್ನ ಕೈ ಮಾತ್ರ ನೀರನ್ನು ಸದ್ದಿಲ್ಲದೆ ಸರಿಸುತ್ತಿತ್ತು. ಸದ್ದಿಲ್ಲದಿರುವುದೇ ನಿನ್ನ ಗುರುತು.

ಹೋದ ತಿಂಗಳು ಗುಡ್ಡವ್ವ ಭಟ್ಟಿಗೆ ಬಂದಳು. ಒಡ್ಡಿನ ಕೆಳಗೆ ಬದನೆ ಬೆಳೆಯುವವಳು, ನಿನಗೆ ಎಳೆಗಾಯಿ ಆರಿಸಿ ಕೊಡುತ್ತಿದ್ದವಳು.

"ಸಾವಕಾರ್ರ, ನಿಮ್ಮ ಒಡ್ಡು ಬೆವರಾಕತ್ತೈತಿ."

"ಇಂಥಾ ಬ್ಯಾಸಗ್ಯಾಗ ಯಾರು ಬೆವರೂದಿಲ್ಲವ್ವಾ?"

"ನಾ ಬೆವತರ ಸೆರಗಿಲೆ ಒರೆಸಿಕೋತೇನಿ. ಅದು ಹಿಂಗ ಬೆವತರ ನನ್ನ ಮನಿ ಒರೆಸಿಕೊಂಡು ಹೋಗತೈತಿ. ನಿಮ್ಮ ನಗಿ ನಿಮ್ಮ ಹತ್ರ ಇಟಗೋರಿ, ಬಂದು ನೋಡ್ರಿ."

ಹೋಗಿ ನೋಡಿದೆ. ಒಡ್ಡಿನ ಬುಡದಲ್ಲಿ ನೆಲ ಹಸಿಯಾಗಿ, ಹುಲ್ಲು ಬೇಸಿಗೆಯಲ್ಲೂ ಹಸಿರಾಗಿ ನಿಂತಿತ್ತು. ಪ್ರತಿ ವರ್ಷ ಬೇಸಿಗೆಯಲ್ಲಿ ತೂಬು ತೆಗೆದು ಅವಳ ತೋಟಕ್ಕೆ ನೀರು ಬಿಡುತ್ತಿದ್ದೆ. ಈ ವರ್ಷ ಹನಿಯನ್ನೂ ಬಿಟ್ಟಿರಲಿಲ್ಲ.

ಸರಕಾರದವರನ್ನು ಕೇಳೋಣ ಎಂದು ಧಾರವಾಡಕ್ಕೆ ಹೋದೆ. ಒಂದು ಕಚೇರಿಯಲ್ಲಿ, "ಖಾಸಗಿ ಹೊಂಡರೀ, ನಮ್ಮ ಪಟ್ಟಿಯೊಳಗಿಲ್ಲ" ಎಂದರು. ಇನ್ನೊಂದರಲ್ಲಿ, "ಒಡೀಲಿ, ಆಮ್ಯಾಲ ಬರ್ರಿ, ಪಂಚನಾಮೆ ಮಾಡೋಣು" ಎಂದರು. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನನ್ನ ತೂಕದ ಕಲ್ಲಿಗೆ ಮುದ್ರೆ ಒತ್ತುವ ಸಾಹೇಬನಿದ್ದಾನೆ, ಭಟ್ಟಿಯ ಹೊಗೆ ನೋಡುವವನಿದ್ದಾನೆ. ಸುಣ್ಣ ಚಟಾಕು ಕಡಿಮೆ ಬಂದರೆ ನನ್ನನ್ನು ಹಿಡಿಯಲು ಮಂದಿ ಇದ್ದಾರೆ, ಗುಡ್ಡವ್ವನ ತಲೆಯ ಮೇಲೆ ಒಂದು ಹೊಂಡ ನೀರು ತೂಗಹಾಕಿದರೆ ಕೇಳಲು ಯಾರೂ ಇಲ್ಲ. ಅದನ್ನು ನಾನೇ ಕೇಳಿಕೊಳ್ಳಬೇಕು. ನಾನಾದರೋ, ನನ್ನ ಕಡೆಗೇ ಸಾಕ್ಷಿ ಹೇಳುವವನು.

ಕಡೆಗೆ ಪಂಢರಿನಾಥರಾಯರನ್ನು ಕರೆದುಕೊಂಡು ಹೋದೆ. ರವಿವಾರ ರವಿವಾರ ನಮ್ಮ ಹೊಂಡಕ್ಕೆ ದೋಣಿಯಾಡಲು ಬಂದು, ದೋಣಿ ಹತ್ತಲು ಅಂಜಿ, ದಂಡೆಯಲ್ಲೇ ಕೂತು ರಾಗ ಗುನುಗುತ್ತಿದ್ದರಲ್ಲ, ಅವರೇ. ಕೆರೆಕಟ್ಟೆಗಳ ಓವರಸಿಯರರಾಗಿ ನಿವೃತ್ತರಾದವರು. ಕೋಲಿನಿಂದ ಒಡ್ಡಿನ ನೆತ್ತಿ ಚುಚ್ಚಿದರು. ಕೋಲು ಸರಾಗ ಒಳಗೆ ಹೋಯಿತು.

"ಉಸ್ಮಾನಸಾಬ, ಈ ಮ್ಯಾಲಿನ ಮಣ್ಣು ಬಡದು ಗಟ್ಟಿ ದಮ್ಮಸ ಮಾಡಿಸಿದ್ರೇನು?"

"ಅದು ಜನಾನಾ ಸಲುವಾಗಿ ಹಾಕಿದ್ದು ರಾಯರ. ಪರದೇಕ್ಕ ಯಾರರ ದಮ್ಮಸ ಮಾಡಿಸ್ತಾರೇನ್ರಿ?"

ರಾಯರು ನಕ್ಕರು. ನಗುತ್ತ ನಗುತ್ತಲೇ ಮುಖ ಬದಲಾಯಿತು. "ಇದು ಮಂದಿ ಕಣ್ಣು ತಡೀತದ, ನೀರು ತಡಿಯೂದಿಲ್ಲ. ನೀರು ಈ ಸಡಿಲ ಮಣ್ಣಿನ ತನಕಾ ಬಂದು ನಿಂತದ. ಕೋಡಿ ಬ್ಯಾರೆ ಮುಚ್ಚೀರಿ. ಒಂದು ದೊಡ್ಡ ಮಳಿ ಬಂದ್ರ ನೀರು ಎಲ್ಲಿ ಹೋಗಬೇಕು?"

ಗುಡ್ಡವ್ವನಿಗೆ ಬುಡದಲ್ಲಿ ಜಿನುಗುವ ನೀರನ್ನು ತಂಬಿಗೆಯಲ್ಲಿ ಹಿಡಿದು ತರಲು ಹೇಳಿದರು. ತಿಳಿ ನೀರಾದರೆ ಅಷ್ಟು ಅಂಜಿಕೆಯಿಲ್ಲ, ರಾಡಿಯಾದರೆ ಒಡ್ಡು ಒಳಗಿಂದೊಳಗೇ ಕರಗುತ್ತಿದೆ ಎಂದರ್ಥವಂತೆ. ಅವಳು ತಂದಳು. ರಾಡಿ ಇತ್ತು.

"ಮಳಿಗಾಲಕ್ಕಿಂತ ಮೊದಲ ನೀರು ಬಿಡ್ರಿ. ಕೋಡಿ ತಗೀರಿ, ಮ್ಯಾಲಿನ ಮಣ್ಣು ಕಡಸ್ರಿ."

"ಇನ್ನೊಂದೀಟು ದಿನ ತಡದ್ರ?"

"ಯಾರ ಸಲುವಾಗಿ ತಡೀಬೇಕು?"

ನಾನು ಬಗ್ಗಿ ಒಡ್ಡಿನ ಹುಲ್ಲು ಕೀಳತೊಡಗಿದೆ. ಗುಡ್ಡವ್ವ ಸುಮ್ಮನಿರುವವಳೇ? "ಬೀಬಿ ಬರೂತನಕ ಅಂತ ಇವರು ತೂಬಿನ ಬಾಯಿ ಬಿಗದಾರ್ರಿ" ಅಂದಳು.

"ಹೌದೇನು? ಯಾವಾಗ ಬರ್ತಾರ?" ಎಂದರು ರಾಯರು.

ಇಬ್ಬರೂ ನನ್ನ ಮುಖ ನೋಡಿದರು. ಹುಬ್ಬಳ್ಳಿಯ ಪೇಟೆಯಲ್ಲಿ ಎಂಥವನಿಗೂ ಮಾತಿನಲ್ಲಿ ಸೋಲದವನು, ಅಲ್ಲಿ ಎಲೆ ಅಡಿಕೆ ಉಗುಳುವ ನೆಪ ಮಾಡಿ ಆ ಕಡೆ ಹೋದೆ.

ಆಮೇಲೂ ಎರಡು ವಾರ ತಡೆದೆ. ಹೋದ ವಾರ ಒಂದು ಸಂಜೆ ಮುಗದದ ಕಡೆ ಮೋಡ ಕಪ್ಪಾಗಿ ಎದ್ದಿತು. ಮಳೆ ಬೀಳಲಿಲ್ಲ, ಆದರೆ ಗುಡ್ಡವ್ವ ತನ್ನ ಪಾತ್ರೆಪಗಡಗಳನ್ನು ಹೊತ್ತು ಸೊಸೆಯೊಂದಿಗೆ ದಿಬ್ಬ ಹತ್ತಿದ್ದನ್ನು ನಾನೇ ಕಂಡೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನ ಬೆಳಿಗ್ಗೆಯೇ ತೂಬು ತೆಗೆಸಿದೆ. ಒಮ್ಮೆಲೆ ಬಿಟ್ಟರೂ ಒಡ್ಡು ಕುಸಿಯುತ್ತದೆ ಎಂದು ರಾಯರು ಅಲ್ಲೇ ನಿಂತು ಸಾವಕಾಶ ಬಿಡಿಸಿದರು. ಮಣ್ಣು ಕೆಲಸದ ನೀಲಪ್ಪನ ಮಂದಿ ಕೋಡಿಯ ಕಲ್ಲು ಕಿತ್ತರು, ನೆತ್ತಿಯ ಮಣ್ಣು ಕೆಳಗಿಳಿಸಿದರು. ಬದನೆ ತೋಟ ಕುಡಿದದ್ದೇ ಕುಡಿದದ್ದು. ಈಗ ಹೊಂಡದಲ್ಲಿ ಮೊಣಕಾಲುಮಟ ನೀರಿದೆ, ಎಮ್ಮೆಗಳು ಬಿದ್ದುಕೊಂಡಿವೆ. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಕೆಳಗಿನ ಒಡ್ಡು ಗಟ್ಟಿಯಿದೆ, ಇಷ್ಟು ನೀರಿಗೆ ಭಯವಿಲ್ಲ, ಇದಕ್ಕಿಂತ ಹೆಚ್ಚು ಎಂದೂ ನಿಲ್ಲಿಸಬೇಡಿರಿ ಎಂದು ರಾಯರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಮಕ್ತುಮಸಾಬನಿಗೆ ಸಲಾಮ. ಅವನ ಕೂಸಿಗೆ ಅಲ್ಲಾ ಉದ್ದನೆಯ ಆಯುಷ್ಯ ಕೊಡಲಿ. ಶಮೀಮಳಿಗೆ ಒಳ್ಳೆಯ ಮನೆ ಸಿಗಲಿ, ಆದರೆ ಇಷ್ಟು ಲಗೂ ಬೇಡ. ನಿನ್ನ ಮೈಯನ್ನು ಜ್ವಾಕಿ ಮಾಡಿಕೋ. ಹೊಳೆಯಲ್ಲಿ ಮಡುವಿನ ನಡುವಿಗೆ ಹೋಗಬೇಡ. ಹೋಗುತ್ತೀ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಿನ್ನ
ಉಸ್ಮಾನಸಾಬ

ತಾ. ಕ.: ಶಮೀಮ, ಇಲ್ಲಿಂದ ಮುಂದ ನೀ ಓದಬ್ಯಾಡವ್ವಾ. ಕಾಗದ ನಿಮ್ಮ ಅತ್ತಿ ಕೈಯಾಗ ಕೊಡು. ಅಕ್ಷರ ದೊಡ್ಡದು ಮಾಡಿ ಬರದೇನಿ, ಕೂಡಿಸಿಕೊಂಡು ಓದತಾಳ.

ಖಾತುನಬಿ, ನೀ ಹೋದ ದಿನಾನ ನಾ ಸಂದೂಕ ತಗದು ನೋಡೇನಿ. ಅಮ್ಮಗ ಆರಾಮ ಇಲ್ಲಂತ ಹೋಗೂವಾಕಿ ಒಂದೆರಡು ಸೀರಿ ಒಯ್ತಾಳ. ನೀ ಒಂದೂ ಬಿಟ್ಟಿಲ್ಲ. ಯಾರಿಗೂ ಹೇಳಿಲ್ಲ, ನಿನಗೂ ಬರದಿಲ್ಲ. ಸಂದೂಕ ಮುಚ್ಚಿ ಮುಗದಕ್ಕ ಹೋಗಿ ತೂಬು ಬಿಗಿಸಿದೆ. ಪ್ರತಿ ಕಾಗದದಾಗೂ 'ಹೊಂಡ ತುಂಬೇತಿ, ಬಾ' ಅಂತ ಬರದೆ. 'ನಾ ಅದೇನಿ, ಬಾ' ಅಂತ ಒಮ್ಮೆನೂ ಬರೀಲಿಲ್ಲ. ಅಷ್ಟಕ್ಕ ಯಾರು ಬರ್ತಾರ ಅಂತ ಅಂಜಿಕಿ.

ಈಗ ನಿನಗ ತೋರಸಾಕ ಹೊಂಡ ಇಲ್ಲ. ನಾ ಒಬ್ಬನ ಉಳದೇನಿ. ಅದು ಸಾಲತೈತೇನು ಅಂತ ಇಷ್ಟು ವರ್ಷದಾಗ ನಿನ್ನ ಕೇಳಿಲ್ಲ. ಈಗ ಕೇಳಾಕತ್ತೇನಿ.