ತಲೆ ತಿರುಗಿಸದ ದನಿ

ಫೆಬ್ರವರಿ ೩೦, ೨೧೮೪
ಹುಡುಗಿಯರ ಹಾಸ್ಟೆಲ್, ಧಾರವಾಡ

ನೂರೈವತ್ತು ಚಿಲ್ಲರೆ ವರ್ಷಗಳ ಹಿಂದೆ ಬಸ್ಸಿನಲ್ಲಿ ಓಡಾಡುತ್ತಿರುವ ಹಿರಿಯರಿಗೆ ನೀಲಗಂಗಾಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ಅರ್ಧಂಬರ್ಧ, ಹಾಸ್ಟೆಲ್ಲಿನಲ್ಲೇ ಬೆಳೆದವಳು, ಕ್ಷಮಿಸಿ. ಈಗ ಫಸ್ಟ್ ಇಯರ್. ಗಾಡಿ ಹೇಳಿದ್ದು ಮನುಷ್ಯರಿಗೆ ಯಾಕೆ ಕೇಳಿಸುವುದಿಲ್ಲ ಎಂದು ಕಲಿಯುವ ಕೋರ್ಸ್.

ತಾನೇ ಓಡುವ ಗಾಡಿಗಳು ನಮ್ಮೂರಿನ ಮಣ್ಣುರಸ್ತೆಗೆ ಬರುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ಅವ್ವ ತಾನೇ ಸ್ಟಿಯರಿಂಗ್ ಹಿಡಿದು, ಬುತ್ತಿ ಕಟ್ಟಿಕೊಂಡು ನನ್ನನ್ನು ನೋಡಲು ಬರುತ್ತಾಳೆ. ಅವಳ ಗಾಡಿಯಲ್ಲಿ 'ಜೊತೆಗಣ್ಣು' ಇದೆ. ಅಂದರೆ ರಸ್ತೆ ನೋಡಿ ಚಾಲಕರನ್ನು ಎಚ್ಚರಿಸುವ ಯಂತ್ರ. ಎಮ್ಮೆ ಕಂಡರೂ ಕುಂಯ್, ಎಲೆ ಬಿದ್ದರೂ ಕುಂಯ್. ಕೇಳಿ ಕೇಳಿ ಅವ್ವನ ಕಿವಿಗೆ ಈಗ ಅದು ಬೀಳುವುದೇ ಇಲ್ಲ. ಕುರಿಹಿಂಡು ಅಡ್ಡ ಬಂದಾಗಲೂ ಬ್ರೇಕ್ ತಡವಾಯಿತೆಂದು ನೋಟಿಸ್ ಬಂದಿದೆ. ಮುಂದಿನ ಟೆಸ್ಟಿನಲ್ಲಿ ಫೇಲಾದರೆ ಲೈಸೆನ್ಸ್ ಹೋಗುತ್ತದೆ, ನನ್ನ ಭಾನುವಾರಗಳೂ ಹೋಗುತ್ತವೆ.

ಅದಕ್ಕೇ ಕುಂಯ್ ತೆಗೆದು ನನ್ನದೇ ದನಿ ಹಾಕಿದೆ: "ಅವ್ವಾ, ನಿಲ್ಸು!" ಕಾಲೇಜಿನ ಮೈದಾನದಲ್ಲಿ ಖಾಲಿ ಡ್ರಮ್ ಅಡ್ಡ ಇಟ್ಟು, ಹೊರಗೆ ನಿಂತು ನೋಡಿದೆವು. ನನ್ನ ದನಿ ಕೇಳಿದ್ದೇ ತಡ, ಅವ್ವ ಬ್ರೇಕ್ ಮರೆತು ಹಿಂದಿನ ಸೀಟಿನತ್ತ ತಿರುಗಿದಳು. ಡ್ರಮ್ ಉರುಳಿತು.

"ನೀ ಹಿಂದ ಕುಂತೀ ಅಂತ ತಿಳದ್ನವ್ವಾ," ಎಂದಳು.

"ಏನ್ ಡಿಸೈನಲೇ ನಿಂದು! ಡ್ರಮ್ಮನ್ನ ಮಾತಾಡ್ಸಿ ಬಂದ್ರು ನೋಡು ನಿಮ್ಮವ್ವ," ಎಂದು ರೂಮ್‌ಮೇಟ್ ಜುಬೇದಾ ಬಿದ್ದು ಬಿದ್ದು ನಕ್ಕಳು. ನನಗೆ ಅಳು ಬಂತು. ಪ್ರತಿ ಭಾನುವಾರ ನನ್ನನ್ನು ಗೇಟಿನಲ್ಲಿ ಬಿಟ್ಟು ಹೋಗುವಾಗ, ಆ ಖಾಲಿ ಸೀಟನ್ನು ಅವಳು ಎಷ್ಟು ಸಲ ತಿರುಗಿ ನೋಡುತ್ತಾಳೋ.

ಮ್ಯೂಸಿಯಮ್ಮಿನಲ್ಲಿ ನಿಮ್ಮ ಕಾಲದ ವಿಡಿಯೊ ಒಂದಿದೆ. ಹಿಂಬಾಗಿಲಲ್ಲಿ ನಿಂತ ಕಂಡಕ್ಟರ್ "ಹೋಲ್ಡಾನ್" ಎಂದು ಕೂಗಿ ಬಸ್ಸಿನ ಮೈಯನ್ನು ಬಡಿಯುತ್ತಾರೆ. ಡ್ರೈವರ್ ತಲೆ ತಿರುಗುವುದಿಲ್ಲ, ಕಾಲು ಮಾತ್ರ ಬ್ರೇಕಿಗೆ ಹೋಗುತ್ತದೆ. ನಂಬಿದ ಮನುಷ್ಯರ ದನಿ, ಆದರೆ ಯಾರನ್ನೂ ನೆನಪಿಸಿ ಕಾಡದ ದನಿ. ನನಗೆ ಬೇಕಾದದ್ದು ಅದೇ. ಆದರೆ ವಿಡಿಯೊದ ಶಬ್ದ ಅಳಿಸಿಹೋಗಿದೆ, ಮಾತನ್ನು ಕೆಳಗೆ ಬರೆದಿದ್ದಾರೆ ಅಷ್ಟೆ.

ಪ್ಲೀಸ್, ನಾಳೆ ಬಸ್ ಹತ್ತಿದಾಗ ಆ ಕೂಗು, ಆ ಬಡಿತ ಎರಡನ್ನೂ ರೆಕಾರ್ಡ್ ಮಾಡಿ ಎಲ್ಲಾದರೂ ಜೋಪಾನವಾಗಿಡಿ. ಹುಡುಕಿಕೊಳ್ಳುವುದು ನನ್ನ ಕೆಲಸ, ಅವ್ವನಿಗೆ ರೂಢಿ ಮಾಡಿಸುವುದೂ ನನ್ನದೇ. ಅವಳು ರಸ್ತೆ ನೋಡಿಕೊಂಡೇ ಬರಲಿ. ನಾನು ಗೇಟಿನ ಹತ್ತಿರ, ಅವಳ ಕಣ್ಣಿನ ನೇರಕ್ಕೆ, ನಿಂತಿರುತ್ತೇನೆ.